ಉತ್ತಮ ಬಾಡಿಗೆದಾರರು ಮತ್ತು ಕರಾರಿನ ನವೀಕರಣ

ಹೊಸ ಬಾಡಿಗೆದಾರರನ್ನು ಆರಿಸುವಾಗ ಮಳಿಗೆಯ ಮಾಲೀಕರು ವಹಿಸುವ ಎಚ್ಚರವು ಹಳೆಯ ಬಾಡಿಗೆದಾರರ ಕರಾರನ್ನು ನವೀಕರಿಸುವಾಗ ಕಂಡುಬರುವುದು ಅಪರೂಪ. ಪ್ರತಿ ತಿಂಗಳೂ ತಪ್ಪದೆ ಬಾಡಿಗೆ ಪಾವತಿಸಿ, ಮಳಿಗೆಯನ್ನು ಅಚ್ಚುಕಟ್ಟಾಗಿ ಇರಿಸಿಕೊಂಡ ಬಾಡಿಗೆದಾರರ ವಿಷಯದಲ್ಲಿ ಕೆಲವರು ಪೇಟೆಯ ಹೊಸ ದರವನ್ನು ಕೇಳಿ ಒಮ್ಮೆಲೇ ಬಾಡಿಗೆ ಏರಿಸಲು ಮುಂದಾಗುತ್ತಾರೆ. ಇನ್ನು ಕೆಲವರು ನಂಬಿಕೆಯ ಮೇಲೆ ಕಾಗದಪತ್ರವಿಲ್ಲದೆಯೇ ವರ್ಷಗಳನ್ನು ಕಳೆಯುತ್ತಾರೆ. ಎರಡೂ ಕ್ರಮಗಳು ನಷ್ಟಕ್ಕೆ ದಾರಿಯಾಗಬಲ್ಲವು.

ಖಾಲಿ ಮಳಿಗೆಯ ಲೆಕ್ಕ

ತಿಂಗಳಿಗೆ 40,000 ರೂಪಾಯಿ ಬಾಡಿಗೆಯ ಮಳಿಗೆಯೊಂದನ್ನು ಉದಾಹರಣೆಯಾಗಿ ನೋಡಬಹುದು. ಮಾಲೀಕರು 46,000 ರೂ. ಕೇಳುತ್ತಾರೆ, ಬಾಡಿಗೆದಾರರು 42,000 ರೂ. ಕೊಡಲು ಸಿದ್ಧರಿದ್ದಾರೆ. ಮಾತು ಮುರಿದು ಮಳಿಗೆ ಎರಡು ತಿಂಗಳು ಖಾಲಿ ಉಳಿದರೆ 84,000 ರೂ. ಕೈತಪ್ಪುತ್ತದೆ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ 46,000 ರೂ., ಸುಣ್ಣಬಣ್ಣ ಹಾಗೂ ದುರಸ್ತಿಗೆ 14,000 ರೂ. ಎಂದಿಟ್ಟುಕೊಂಡರೆ ಒಟ್ಟು 1,44,000 ರೂ. ಆಗುತ್ತದೆ. ತಿಂಗಳಿಗೆ 4,000 ರೂ. ಹೆಚ್ಚುವರಿ ಆದಾಯದಿಂದ ಇದನ್ನು ತುಂಬಿಕೊಳ್ಳಲು 36 ತಿಂಗಳು ಬೇಕು. ಹೊಸ ಬಾಡಿಗೆದಾರರು ಹೇಗಿರುವರೆಂಬ ಅನಿಶ್ಚಿತತೆ ಈ ಲೆಕ್ಕದಲ್ಲಿ ಸೇರಿಲ್ಲ.

ಆದರೆ ಹಲವು ವರ್ಷ ಬಾಡಿಗೆ ಏರಿಸದೆ ಬಿಟ್ಟು, ಅಂತರವು 12,000 ರೂ.ಗೆ ಬೆಳೆದಿದ್ದರೆ ಅಷ್ಟೇ ವೆಚ್ಚವು ಒಂದು ವರ್ಷದಲ್ಲಿ ಮರಳುತ್ತದೆ. ಆಗ ಉತ್ತಮ ಬಾಡಿಗೆದಾರರನ್ನೂ ಬಿಡಿಸುವ ಆಸೆ ಹುಟ್ಟುತ್ತದೆ. ಆದುದರಿಂದ ವರ್ಷಕ್ಕೊಮ್ಮೆ ಮಿತವಾದ ಏರಿಕೆಯು ಮಾಲೀಕರಿಗೆ ಮಾತ್ರವಲ್ಲ, ಬಾಡಿಗೆದಾರರಿಗೂ ರಕ್ಷಣೆ. ಸ್ಥಳ ಬಿಡುವ ವರ್ತಕರು ಕಪಾಟು, ನಾಮಫಲಕಗಳ ವೆಚ್ಚದೊಂದಿಗೆ ರೂಢಿಯ ಗಿರಾಕಿಗಳನ್ನೂ ಕಳೆದುಕೊಳ್ಳುತ್ತಾರೆಂಬುದನ್ನು ಮರೆಯಲಾಗದು.

ಕಾನೂನಿನ ನೆಲೆ

2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಅಧಿನಿಯಮ, 1999, ವಿಸ್ತೀರ್ಣ 14 ಚದರ ಮೀಟರ್ ಮೀರಿದ ವಾಣಿಜ್ಯ ಮಳಿಗೆಗಳಿಗೆ ಅನ್ವಯಿಸುವುದಿಲ್ಲ. ಅಂತಹ ಮಳಿಗೆಗಳಿಗೆ ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಅಧಿನಿಯಮವೇ ಆಧಾರ. ಇದರ 107ನೇ ಪ್ರಕರಣದಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿತ ಪತ್ರದ ಮೂಲಕವೇ ಮಾಡಿಕೊಳ್ಳತಕ್ಕದ್ದು. ಹನ್ನೊಂದು ತಿಂಗಳ ಕರಾರಿನ ರೂಢಿ ಬೆಳೆದುದು ಈ ಕಾರಣದಿಂದಲೇ.

ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಸ್ವೀಕರಿಸುತ್ತಿದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, 116ನೇ ಪ್ರಕರಣದಡಿ ಅಂಗಡಿಯ ಗುತ್ತಿಗೆ ತಿಂಗಳಿಂದ ತಿಂಗಳಿಗೆ ನವೀಕರಣವಾದಂತೆ. ಅದನ್ನು 106ನೇ ಪ್ರಕರಣದಂತೆ 15 ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ದಶಕಗಳಿಂದ ಒಂದೇ ಕಡೆ ವ್ಯಾಪಾರ ನಡೆಸಿದವರಿಗೂ ಕಾಗದವಿಲ್ಲದಿದ್ದರೆ ಉಳಿಯುವ ಭದ್ರತೆ ಇಷ್ಟೇ ಆಗಬಹುದು.

ತೆರಿಗೆಯ ಹೊಣೆ

ವಾಣಿಜ್ಯ ಬಾಡಿಗೆಗೆ ಶೇ. 18ರಷ್ಟು ಜಿಎಸ್‌ಟಿ ಇದೆ. ಮಾಲೀಕರು ನೋಂದಣಿ ಹೊಂದಿರದೆ, ಬಾಡಿಗೆದಾರರು ಸಾಮಾನ್ಯ ವ್ಯವಸ್ಥೆಯಲ್ಲಿ ನೋಂದಾಯಿತರಾಗಿದ್ದಲ್ಲಿ 2024ರ ಅಕ್ಟೋಬರ್ 10ರಿಂದ ಈ ತೆರಿಗೆಯನ್ನು ಬಾಡಿಗೆದಾರರೇ ಪಾವತಿಸಬೇಕಾಗಿದೆ. ಹಳೆಯ ಕರಾರುಗಳಲ್ಲಿ ಈ ಅಂಶ ಇರುವುದಿಲ್ಲವಾದ್ದರಿಂದ ನವೀಕರಣದ ವೇಳೆ ಸ್ಪಷ್ಟಪಡಿಸುವುದು ಅಗತ್ಯ.

ಅನುಸರಿಸಬಹುದಾದ ಕ್ರಮ

1. ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಮಾಲೀಕರು ತಮ್ಮ ಇಂಗಿತವನ್ನು ಪತ್ರಮುಖೇನ ತಿಳಿಸುವುದು.

2. ಸಮೀಪದ ಮಳಿಗೆಗಳಲ್ಲಿ ವಾಸ್ತವವಾಗಿ ಸಂದಾಯವಾಗುತ್ತಿರುವ ಬಾಡಿಗೆಯನ್ನು ವಿಚಾರಿಸುವುದು. ದಲ್ಲಾಳಿ ಹೇಳಿದ ದರವನ್ನಷ್ಟೇ ನಂಬದಿರುವುದು.

3. ಅಂತರ ದೊಡ್ಡದಿದ್ದಲ್ಲಿ ಎರಡು ಮೂರು ವರ್ಷಗಳಲ್ಲಿ ಹಂತಹಂತವಾಗಿ ಏರಿಸುವುದು.

4. ದೀರ್ಘಾವಧಿ ಬಯಸುವವರೊಂದಿಗೆ ಮೂರು ಅಥವಾ ಐದು ವರ್ಷಗಳ ಕರಾರನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ, ಅದರ ವೆಚ್ಚ ಯಾರದೆಂದು ಮೊದಲೇ ನಿಶ್ಚಯಿಸುವುದು.

5. ಮುಂಗಡದ ಮೊತ್ತ, ದುರಸ್ತಿಯ ಹೊಣೆ ಮತ್ತು ತೆರವಿನ ನೋಟಿಸಿನ ಅವಧಿಯನ್ನು ಹೊಸದಾಗಿ ಬರೆಯುವುದು.

ಬಾಡಿಗೆದಾರರ ಮೇಲೆ ವಿಶ್ವಾಸವಿದ್ದಾಗಲೇ ಕರಾರು ಬರೆಯುವುದು ಸುಲಭ. ವ್ಯಾಜ್ಯ ಹುಟ್ಟಿದ ಮೇಲೆ ಅದೇ ಮಾತುಗಳಿಗೆ ವಕೀಲರು ಬೇಕಾಗುತ್ತಾರೆ.