ಅಂಗಳದ ಒಲೆಗೊಂದು ಹೊಗೆಕೊಳವೆ

ಮೆಕ್ಸಿಕೊದ ಸಾಂಪ್ರದಾಯಿಕ ಮಣ್ಣಿನ ಅಗ್ಗಿಷ್ಟಿಕೆ 'ಚಿಮಿನೇಯ' ಇಂದು ಅನೇಕ ದೇಶಗಳಲ್ಲಿ ಅನುಕೂಲಸ್ಥರ ಕೈತೋಟದ ಅಲಂಕಾರ. ಗುಂಡನೆಯ ಹೊಟ್ಟೆ, ಮುಂದೊಂದು ಬಾಯಿ, ಮೇಲೆ ನೀಳವಾದ ಕೊರಳು. ಅದರ ಜಾಣ್ಮೆಯೆಲ್ಲ ಆ ಕೊರಳಿನಲ್ಲಿದೆ: ಎದುರು ಕುಳಿತವರ ಮುಖಕ್ಕೆ ಹೊಗೆ ಬಡಿಯದಂತೆ ಅದು ಮೇಲಕ್ಕೆ ಸೆಳೆದೊಯ್ಯುತ್ತದೆ.

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹಳ್ಳಿಗಳ ಅಂಗಳದಲ್ಲೂ ಮಣ್ಣಿನ ಒಲೆಗಳುಂಟು. ತೊಗರಿಯ ರಾಶಿ ಮುಗಿದ ಮೇಲೆ ಉಳಿಯುವ ಕಟ್ಟಿಗೆಯೇ ಉರುವಲು. ಜೋಳದ ರೊಟ್ಟಿ ಬೇಯುವುದು ಅಲ್ಲಿಯೇ. ಆದರೆ ಈ ಒಲೆಗೆ ಕೊರಳಿಲ್ಲ. ಹೊಗೆಯೆಲ್ಲ ರೊಟ್ಟಿ ಬಡಿಯುವ ತಾಯಿಯ ಕಣ್ಣಿಗೆ, ಎದೆಗೆ.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಬಡಕುಟುಂಬಗಳಿಗೆ ಅನಿಲ ಸಂಪರ್ಕ ನೀಡಿತು. ಆದರೆ ಸ್ವಂತ ಹೊಲದಲ್ಲಿ ಪುಕ್ಕಟೆ ಸಿಗುವ ಕಟ್ಟಿಗೆಯೆದುರು ಹಣ ತೆತ್ತು ತರುವ ಸಿಲಿಂಡರು ಸುಲಭವಾಗಿ ಗೆಲ್ಲಲಾರದು. ಇದು ಸರಳ ಅರ್ಥಶಾಸ್ತ್ರ. ಆದ್ದರಿಂದ ಒಲೆಯನ್ನೇ ಸುಧಾರಿಸುವುದೂ ಅಗತ್ಯ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ, ಹೊಗೆಕೊಳವೆಯುಳ್ಳ 'ಅಸ್ತ್ರ ಒಲೆ' 1980ರ ದಶಕದಲ್ಲೇ ಕರ್ನಾಟಕದ ಹಳ್ಳಿಗಳನ್ನು ತಲುಪಿತ್ತು. ಆದರೆ ಒಲೆ ಹಾಕಿಕೊಟ್ಟರಷ್ಟೇ ಸಾಲದು. ಕೊಳವೆಯ ಮಸಿ ತೆಗೆಯುವ, ಬಿರುಕು ಮೆತ್ತುವ ಹೊಣೆ ಯಾರದೆಂಬುದೂ ಮೊದಲೇ ನಿಶ್ಚಯವಾಗಬೇಕು.

ವಾಡಿಯ ಸಿಮೆಂಟು, ಶಹಾಬಾದಿನ ಕಲ್ಲು ಊರೂರಿನ ಮನೆಗಳನ್ನು ಕಟ್ಟಿವೆ. ಅವನ್ನಿತ್ತ ಸೀಮೆಯ ಒಲೆಗೆ ಒಂದು ಹೊಗೆಕೊಳವೆ ದುಬಾರಿಯೆನ್ನಲಾದೀತೆ?