ಅಜ್ಜಿ ಹೇಳಿದ ಹೊಗೆಯ ಪಾಠ

ರಜೆಗೆ ಊರಿಗೆ ಹೋದಾಗ ಬಚ್ಚಲ ಒಲೆಗೆ ಹಸಿ ಸೌದೆ ತುರುಕಿದ್ದೆ. ಕಣ್ಣುಜ್ಜುತ್ತಾ ಬಂದ ಅಜ್ಜಿ, ‘ಎಂಜಿನಿಯರಿಂಗ್ ಓದ್ತೀಯ, ಒಣಗಿದ ಸೌದೆ ಯಾವುದು ಅಂತ ಗೊತ್ತಾಗಲ್ವೇನೇ?’ ಎಂದು ಗದರಿದರು. ಥರ್ಮೊಡೈನಮಿಕ್ಸ್‌ನಲ್ಲಿ ಒಳ್ಳೆಯ ಅಂಕ ಪಡೆದಿದ್ದ ನನ್ನ ಬಳಿ ಉತ್ತರವಿರಲಿಲ್ಲ.

ಅಜ್ಜಿಯ ಆ ಮಾತು ಬ್ರಿಟನ್‌ನಲ್ಲಿ ಸರ್ಕಾರಿ ನಿಯಮವೇ ಆಗಿತ್ತು ಎಂಬುದು ಸೆಮಿನಾರ್‌ಗೆ ಓದುವಾಗ ತಿಳಿಯಿತು. ಇಂಗಾಲದ ಹೊರಸೂಸುವಿಕೆ ತಗ್ಗಿಸಲು ಅಲ್ಲಿ 2011ರಲ್ಲಿ ‘ರಿನ್ಯೂವಬಲ್ ಹೀಟ್ ಇನ್ಸೆಂಟಿವ್’ ಯೋಜನೆ ಶುರುವಾಯಿತು. ಕಟ್ಟಿಗೆ ಉರಿಸುವ ಬಾಯ್ಲರ್‌ನಿಂದ ಕಟ್ಟಡ ಬೆಚ್ಚಗಿಟ್ಟರೆ, ಉತ್ಪಾದಿಸಿದ ಶಾಖದ ಲೆಕ್ಕದಲ್ಲಿ ಸರ್ಕಾರ ಹಣ ಕೊಡುತ್ತಿತ್ತು. ಆದರೆ ಕಟ್ಟಿಗೆ ಉರಿದಾಗ ಶ್ವಾಸಕೋಶಕ್ಕಿಳಿಯುವ ಸೂಕ್ಷ್ಮ ದೂಳೂ ಏಳುತ್ತದಲ್ಲ?

ಅದಕ್ಕೇ 2013ರ ಸೆಪ್ಟೆಂಬರ್‌ನಿಂದ ಹೊಸ ಬಾಯ್ಲರ್‌ಗಳಿಗೆ ಷರತ್ತು ಬಂತು. ಇಂಧನದಿಂದ ಸಿಗುವ ಪ್ರತಿ ಗಿಗಾಜೌಲ್ ಶಾಖಕ್ಕೆ ದೂಳು 30 ಗ್ರಾಂ, ನೈಟ್ರೋಜನ್ ಆಕ್ಸೈಡ್‌ಗಳು 150 ಗ್ರಾಂ ಮೀರುವಂತಿರಲಿಲ್ಲ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಇಂಧನ ಯಾವುದು, ತೇವಾಂಶ ಎಷ್ಟಿರಬಹುದು ಎಂಬುದೂ ಪ್ರಮಾಣಪತ್ರದಲ್ಲಿ ಇರಬೇಕಿತ್ತು. ಒಳ್ಳೆಯ ಬಾಯ್ಲರ್‌ಗೂ ಹಸಿ ಕಟ್ಟಿಗೆ ಹಾಕಿದರೆ, ನೀರು ಆವಿಯಾಗಲು ಶಾಖ ವ್ಯಯವಾಗಿ ಉರಿ ತಣಿಯುತ್ತದೆ. ಅರೆಬೆಂದದ್ದೇ ಹೊಗೆ.

ನನಗನಿಸಿದ್ದು ಇಷ್ಟೆ: ಪ್ರಮಾಣಪತ್ರ ಯಂತ್ರಕ್ಕೆ ಸಿಗುತ್ತದೆ, ಹೊಗೆ ಮಾತ್ರ ಅದನ್ನು ಬಳಸುವವರ ಕೈಯಲ್ಲಿದೆ. ಯಂತ್ರದ ಜೊತೆಗೆ ಬಳಕೆಯ ರೀತಿಯನ್ನೂ ನೋಡುವ ಸಬ್ಸಿಡಿಯಷ್ಟೇ ಗಾಳಿಯನ್ನು ಉಳಿಸೀತು. ನಾಳೆ ಎಂಜಿನಿಯರ್‌ಗಳಾಗುವ ನಾವು ವಿನ್ಯಾಸ ಮಾಡುವಾಗ ಒಲೆಯ ಮುಂದೆ ಕೂರುವವರನ್ನೂ ನೆನೆಯಬೇಕು.

ಮೊನ್ನೆ ಊರಿಗೆ ಹೋದವಳು ಮೊದಲು ಮಾಡಿದ ಕೆಲಸ, ಸೌದೆಯನ್ನು ಬಿಸಿಲಿಗೆ ಹರವಿದ್ದು. ಅಜ್ಜಿ ಏನೂ ಹೇಳಲಿಲ್ಲ, ನಕ್ಕರು.