ಬಾಣಂತಿಯರಲ್ಲಿ ಪ್ಯಾಡ್ ಮತ್ತು ಬಟ್ಟೆಯಿಂದಾಗುವ ಚರ್ಮದ ಉರಿ: ಕಾರಣಗಳು ಮತ್ತು ತಡೆಗಟ್ಟುವ ಕ್ರಮಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಇಂದು ಬಹುಪಾಲು ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತವೆ. ಕೆಲವೇ ದಿನಗಳಲ್ಲಿ ತಾಯಿ ಮತ್ತು ಮಗು ಮನೆಗೆ ಬರುತ್ತಾರೆ. ಅಲ್ಲಿಂದ ಮುಂದಿನ ಆರು ವಾರಗಳ ಆರೈಕೆ ಮನೆಯವರ ಪಾಲಿನದು. ಈ ಅವಧಿಯಲ್ಲಿ ಅನೇಕ ಬಾಣಂತಿಯರಿಗೆ ತೊಡೆಸಂದಿನಲ್ಲಿ ಕೆಂಪಾಗುವುದು, ಉರಿ, ತುರಿಕೆ, ಚರ್ಮ ಸುಲಿಯುವುದು ಕಂಡುಬರುತ್ತದೆ. "ಮೈ ಉಷ್ಣ" ಎಂದೋ "ಪಥ್ಯ ಕೆಟ್ಟಿತು" ಎಂದೋ ಹೇಳಿ ಸುಮ್ಮನಾಗುವವರೇ ಹೆಚ್ಚು. ಆದರೆ ಇದರ ಕಾರಣ ಸಾಮಾನ್ಯವಾಗಿ ಊಟದಲ್ಲಿ ಇರುವುದಿಲ್ಲ. ಬಳಸುವ ಪ್ಯಾಡ್ ಅಥವಾ ಬಟ್ಟೆ, ಅದನ್ನು ಒಗೆದ ನೀರು ಮತ್ತು ಅದನ್ನು ಬದಲಿಸುವ ವೇಳೆ, ಈ ಮೂರರಲ್ಲಿ ಇರುತ್ತದೆ. ಮೂರನ್ನೂ ಮನೆಯಲ್ಲಿಯೇ ಸರಿಪಡಿಸಬಹುದು.

ಕೃಷಿ ಪತ್ರಿಕೆಗೆ ಈ ವಿಷಯ ಹೊರಗಿನದೆಂದು ಭಾವಿಸಬೇಕಿಲ್ಲ. ಹತ್ತಿಯ ನೂಲು, ಕೊಳವೆಬಾವಿಯ ನೀರು, ಔಷಧಿ ಸಿಂಪಡಿಸಿದ ಬಟ್ಟೆ, ಎಲ್ಲವೂ ರೈತನ ಮನೆಯ ವಸ್ತುಗಳೇ.

ಸ್ರಾವ ಎಷ್ಟು ದಿನ ಇರುತ್ತದೆ?

ಸಹಜ ಹೆರಿಗೆಯಾಗಲಿ, ಶಸ್ತ್ರಚಿಕಿತ್ಸೆಯ ಹೆರಿಗೆಯಾಗಲಿ, ಗರ್ಭಕೋಶವು ಮೊದಲಿನ ಸ್ಥಿತಿಗೆ ಬರುವವರೆಗೆ ಸ್ರಾವ ಇರುತ್ತದೆ. ಮೊದಲ 3-4 ದಿನ ಕೆಂಪಾಗಿ ಹೆಚ್ಚಾಗಿರುತ್ತದೆ. ನಂತರ ಸುಮಾರು 10ನೆಯ ದಿನದವರೆಗೆ ತೆಳುಗೆಂಪು ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಹಳದಿ ಬೆರೆತ ಬಿಳಿ ಬಣ್ಣಕ್ಕೆ ಬಂದು 4ರಿಂದ 6 ವಾರಗಳಲ್ಲಿ ನಿಲ್ಲುತ್ತದೆ. ಮುಟ್ಟಿನ ದಿನಗಳಲ್ಲಿ ನಾಲ್ಕೈದು ದಿನ ತಾಳಿಕೊಳ್ಳುವ ಚರ್ಮವು ಇಲ್ಲಿ ನಲವತ್ತು ದಿನ ತಾಳಬೇಕಾಗುತ್ತದೆ. ಜೊತೆಗೆ ಹೊಲಿಗೆಯ ಗಾಯವೂ ಇರಬಹುದು. ಆದ್ದರಿಂದಲೇ ಬಾಣಂತಿಯ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು.

ಚರ್ಮ ಕೆಡುವ ಬಗೆ

ತಗ್ಗಿನ ಹೊಲದಲ್ಲಿ ನೀರು ನಿಂತರೆ ಬೇರಿಗೆ ಗಾಳಿಯಾಡದೆ ಕೊಳೆರೋಗ ಹತ್ತುವುದನ್ನು ರೈತರು ಬಲ್ಲರು. ಶುಂಠಿ ಬೆಳೆದವರಿಗಂತೂ ಇದು ಚೆನ್ನಾಗಿ ಗೊತ್ತು. ಚರ್ಮಕ್ಕೂ ಅದೇ ಗತಿ. ಒದ್ದೆ ಬಟ್ಟೆ ಗಂಟೆಗಟ್ಟಲೆ ಅಂಟಿಕೊಂಡಿದ್ದರೆ ಚರ್ಮದ ಮೇಲ್ಪದರ ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮವು ನಡೆದಾಡುವಾಗಿನ ಉಜ್ಜಾಟಕ್ಕೆ ಬೇಗ ಸುಲಿಯುತ್ತದೆ. ಬೆಚ್ಚಗೆ, ಒದ್ದೆಯಾಗಿ, ಗಾಳಿಯಿಲ್ಲದೆ ಇರುವ ಇಂಥ ಜಾಗ ಶಿಲೀಂಧ್ರಕ್ಕೂ ಬ್ಯಾಕ್ಟೀರಿಯಾಗಳಿಗೂ ಬಹಳ ಅನುಕೂಲ.

ಇನ್ನೊಂದು ಅಂಶ ರಸಸಾರ. ಮಣ್ಣು ಪರೀಕ್ಷೆಯ ವರದಿಯಲ್ಲಿ ಈ ಪದವನ್ನು ನೀವು ನೋಡಿರುತ್ತೀರಿ. ಆರೋಗ್ಯವಾದ ಚರ್ಮದ ಮೇಲ್ಮೈಯ ರಸಸಾರ ಸುಮಾರು 5, ಅಂದರೆ ತುಸು ಆಮ್ಲೀಯ. ಈ ಆಮ್ಲೀಯತೆಯೇ ರೋಗಾಣುಗಳನ್ನು ಹದ್ದಿನಲ್ಲಿಡುವ ಬೇಲಿ. ರಕ್ತದ ರಸಸಾರ 7.4. ಬಟ್ಟೆ ಸೋಪಿನ ನೀರಿನದು 9ರಿಂದ 10. ರಕ್ತದಲ್ಲಿ ನೆನೆದ, ಸೋಪು ಪೂರ್ಣ ಹೋಗದ ಬಟ್ಟೆ ದಿನವಿಡೀ ತಾಗಿದರೆ ಈ ಬೇಲಿ ಮುರಿಯುತ್ತದೆ.

ಅಂಗಡಿಯ ಪ್ಯಾಡ್

ಪ್ಯಾಡಿನಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ. ಮೇಲೆ ನೇಯದ ಕೃತಕ ಬಟ್ಟೆ ಅಥವಾ ತೂತುಗಳಿರುವ ತೆಳು ಪ್ಲಾಸ್ಟಿಕ್ ಹಾಳೆ, ನಡುವೆ ಮರದ ತಿರುಳಿನ ನಾರು, ಕೆಳಗೆ ಸೋರದಂತೆ ಪಾಲಿಥೀನ್ ಹಾಳೆ. ಬಹಳಷ್ಟು ಪ್ಯಾಡ್‌ಗಳ ನಡುವಿನ ಪದರದಲ್ಲಿ ನೀರು ಹೀರಿ ಜೆಲ್ ಆಗುವ ಹರಳುಗಳೂ ಇರುತ್ತವೆ. ಮಣ್ಣಿನಲ್ಲಿ ತೇವ ಹಿಡಿದಿಡಲು ಬಳಸುವ ಹೈಡ್ರೋಜೆಲ್ ಕೂಡ ಇದೇ ಬಗೆಯ ವಸ್ತು.

ಇಲ್ಲಿ ಒಂದು ತಪ್ಪು ತಿಳುವಳಿಕೆಗೆ ಅವಕಾಶವಿದೆ. ಜೆಲ್ ಇರುವ ಪ್ಯಾಡು ಮುಟ್ಟಿದರೆ ಒಣಗಿದಂತೆ ಕಾಣುವುದರಿಂದ ಇಡೀ ದಿನ ಬದಲಿಸದೆ ಇರುವವರುಂಟು. ಆದರೆ ಕೆಳಗಿನ ಪಾಲಿಥೀನ್ ಹಾಳೆಯಿಂದಾಗಿ ಬೆವರಿನ ಆವಿ ಹೊರಹೋಗದೆ ಚರ್ಮ ಬೇಯುತ್ತಲೇ ಇರುತ್ತದೆ. ಆದ್ದರಿಂದ ಪ್ಯಾಡು ತುಂಬಿದೆಯೇ ಎಂದು ನೋಡಿ ಬದಲಿಸುವುದಲ್ಲ, ಗಡಿಯಾರ ನೋಡಿ ಬದಲಿಸಬೇಕು.

ಸುವಾಸನೆ ಹಾಕಿದ ಪ್ಯಾಡ್‌ಗಳನ್ನು ಬಾಣಂತಿಗೆ ಕೊಡಬಾರದು. ಸುಗಂಧ ದ್ರವ್ಯ ಮತ್ತು ಅಂಟು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಕೊಳ್ಳುವಾಗ ಹತ್ತಿಯಂತೆ ಮೃದುವಾದ ಮೇಲ್ಪದರವಿರುವ, ಉದ್ದನೆಯ, ವಾಸನೆರಹಿತ ಪ್ಯಾಡನ್ನು ಆರಿಸಬೇಕು. ಸ್ಯಾನಿಟರಿ ಪ್ಯಾಡ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 5405 ಎಂಬ ಮಾನಕವಿದೆ.

ಬಟ್ಟೆಯ ಆಯ್ಕೆ

ಮೆತ್ತನೆಯ ಹಳೆಯ ಹತ್ತಿ ಬಟ್ಟೆ ಪ್ಯಾಡಿಗಿಂತ ಕೀಳಲ್ಲ. ಹತ್ತಿಯ ಎಳೆ ನೀರನ್ನು ಹೀರುತ್ತದೆ, ಗಾಳಿಯನ್ನೂ ಬಿಡುತ್ತದೆ. ತೊಂದರೆ ಎಂದರೆ ಈಗಿನ ಸೀರೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಅಥವಾ ಬೆರಕೆ ನೂಲಿನವು. ಇವನ್ನು ಗುರುತಿಸಲು ಎರಡು ಸುಲಭ ಪರೀಕ್ಷೆಗಳಿವೆ.

1. ಒಗೆದು ಒಣಗಿಸಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಒಳ್ಳೆಯ ಹತ್ತಿಯಾದರೆ ಹನಿ ತಕ್ಷಣ ಇಂಗುತ್ತದೆ.
2. ಅಂಚಿನಿಂದ ನಾಲ್ಕು ಎಳೆ ತೆಗೆದು ಸುಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಹೊಸ ಬಟ್ಟೆಯಲ್ಲಿ ಗಂಜಿ ಇರುವುದರಿಂದ ಅದು ಸರಿಯಾಗಿ ಹೀರುವುದಿಲ್ಲ, ಒರಟಾಗಿಯೂ ಇರುತ್ತದೆ. ಮೂರು ನಾಲ್ಕು ಬಾರಿ ಒಗೆದ ನಂತರವೇ ಬಳಸಬೇಕು.

ಹೊಲದಲ್ಲಿ ಬಳಸಿದ ಬಟ್ಟೆ ಬೇಡ

ಇದು ರೈತ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ವಿಷಯ. ಆಲೂಗೆಡ್ಡೆ, ಶುಂಠಿ ಬಿತ್ತನೆಗೆ ಮುಂಚೆ ಗೆಡ್ಡೆಗಳನ್ನು ಶಿಲೀಂಧ್ರನಾಶಕದಲ್ಲಿ ಉಪಚರಿಸುತ್ತೇವೆ. ಆಲೂಗೆಡ್ಡೆಯ ಅಂಗಮಾರಿಗೆ ಮತ್ತೆ ಮತ್ತೆ ಸಿಂಪರಣೆ ಮಾಡುತ್ತೇವೆ. ರಾಮನಾಥಪುರದ ಸುತ್ತಮುತ್ತ ತಂಬಾಕಿನ ಎಲೆ ಮುರಿಯುವಾಗ ಅದರ ಅಂಟು ಬಟ್ಟೆಗೆ ಹತ್ತುತ್ತದೆ, ಅದರಲ್ಲಿ ನಿಕೋಟಿನ್ ಇರುತ್ತದೆ. ಆ ಸಮಯದಲ್ಲಿ ತಲೆಗೆ ಸುತ್ತಿದ ಟವೆಲ್, ಉಟ್ಟ ಪಂಚೆ, ಸೊಂಟಕ್ಕೆ ಕಟ್ಟಿದ ಹಳೆಯ ಸೀರೆ ಇವು "ಮೆತ್ತಗಿವೆ" ಎಂದು ಬಾಣಂತಿಯ ಕೋಣೆ ಸೇರಬಾರದು. ಎಣ್ಣೆ ರೂಪದ ಕೀಟನಾಶಕ ಒಂದೆರಡು ಒಗೆತಕ್ಕೆ ಪೂರ್ಣವಾಗಿ ಹೋಗುವುದಿಲ್ಲ. ತೊಡೆಸಂದಿನ ಮತ್ತು ಗುಪ್ತಾಂಗದ ಚರ್ಮವಾದರೋ ಮುಂಗೈ ಚರ್ಮಕ್ಕಿಂತ ಹೆಚ್ಚು ಹೀರುತ್ತದೆ. ಹೊಲದ ಬಟ್ಟೆಗಳನ್ನು ಬೇರೆ ಪಾತ್ರೆಯಲ್ಲಿ ಒಗೆಯಬೇಕು, ಹರಿದ ಮೇಲೂ ಹೊಲದ ಕೆಲಸಕ್ಕೇ ಬಳಸಬೇಕು.

ಒಗೆಯುವುದು ಮತ್ತು ಒಣಗಿಸುವುದು

ರಕ್ತದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ ಹಿಂಡಬೇಕು. ಮೊದಲೇ ಬಿಸಿನೀರು ಹಾಕಿದರೆ ರಕ್ತ ಎಳೆಯಲ್ಲಿ ಹೆಪ್ಪುಗಟ್ಟಿ ಕಲೆ ಉಳಿಯುತ್ತದೆ. ನಂತರ ಸೋಪು ಹಾಕಿ ಬಿಸಿನೀರಿನಲ್ಲಿ ಒಗೆಯಬೇಕು.

ಸೋಪು ನೊರೆ ಬಾರದೆ ಬಿಳಿ ಕೆನೆಯಂತೆ ತೇಲಿದರೆ ಆ ಕೊಳವೆಬಾವಿಯ ನೀರು ಗಡಸು ಎಂದು ತಿಳಿಯಬೇಕು. ನೀರಿನ ಸುಣ್ಣವು ಸೋಪಿನೊಡನೆ ಸೇರಿ ಎಳೆಗಳಲ್ಲಿ ಕೂರುತ್ತದೆ. ಬಟ್ಟೆ ಒಣಗಿದ ಮೇಲೆ ಗಟ್ಟಿಯಾಗಿ ಉಜ್ಜಲು ಕಾರಣ ಇದೇ. ಅಂಥಲ್ಲಿ ಸೋಪನ್ನು ಕಡಿಮೆ ಬಳಸಿ ಮೂರು ಬಾರಿ ಜಾಲಿಸಬೇಕು. ಕೊನೆಯ ಜಾಲಿಕೆಗೆ ಮಳೆನೀರು ಅಥವಾ ಮೆದು ನೀರು ಸಿಕ್ಕರೆ ಉತ್ತಮ.

ನಾಚಿಕೆಯಿಂದ ಈ ಬಟ್ಟೆಗಳನ್ನು ಬೇರೆ ಬಟ್ಟೆಯ ಅಡಿಯಲ್ಲಿ, ಬಚ್ಚಲ ಮೂಲೆಯಲ್ಲಿ ಒಣಹಾಕುವ ರೂಢಿ ಇದೆ. ಅರ್ಧ ಒಣಗಿದ ಬಟ್ಟೆಯಲ್ಲಿ ಬೂಷ್ಟು ಬೆಳೆಯುತ್ತದೆ. ಬಿಸಿಲು, ಗಾಳಿ ಎರಡೂ ತಾಗುವಂತೆ ಹರವಬೇಕು. ಜಿಲ್ಲೆಯಲ್ಲಿ ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚು. ಮುಂಗಾರಿನಲ್ಲಿ ಬಿಸಿಲು ಕಾಣದ ದಿನ ಬಿಸಿ ಇಸ್ತ್ರಿ ಹಾಕಿ ಪೂರ್ಣ ಒಣಗಿಸಬೇಕು. ದಿನಕ್ಕೆ 6 ಬಾರಿ ಬದಲಿಸಿದರೆ ಬೇಸಿಗೆಯಲ್ಲಿ 12 ಬಟ್ಟೆ ಸಾಕು. ಮಳೆಗಾಲದಲ್ಲಿ ಒಣಗಲು ಮೂರು ದಿನ ಹಿಡಿಯುವುದರಿಂದ 24 ಬೇಕಾಗುತ್ತದೆ. ಇವನ್ನು ಹೆರಿಗೆಗೆ ಮೊದಲೇ ಸಿದ್ಧಪಡಿಸಿ ಶುಭ್ರವಾದ ಚೀಲದಲ್ಲಿ ಇಡತಕ್ಕದ್ದು.

ಅನುಸರಿಸಬೇಕಾದ ಕ್ರಮಗಳು

1. ಮೊದಲ ವಾರ 2ರಿಂದ 4 ಗಂಟೆಗೊಮ್ಮೆ, ಆಮೇಲೆ ಹಗಲಿನಲ್ಲಿ 4 ಗಂಟೆ ಮೀರದಂತೆ ಬದಲಿಸಬೇಕು. ಮಲಗುವ ಮುಂಚೆ ಮತ್ತು ರಾತ್ರಿ ಮಗುವಿಗೆ ಹಾಲು ಕೊಡಲು ಎದ್ದಾಗ ಬದಲಿಸುವುದು ಅನುಕೂಲ.
2. ಬದಲಿಸುವ ಮುಂಚೆ ಮತ್ತು ನಂತರ ಕೈಗಳನ್ನು ಸೋಪಿನಿಂದ ತೊಳೆಯಬೇಕು.
3. ಪ್ರತಿ ಸಲ ಉಗುರುಬೆಚ್ಚಗಿನ ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ಉಜ್ಜಬಾರದು. ಒಳಭಾಗಕ್ಕೆ ಸೋಪು ಬೇಡ.
4. ನೀರಿಗೆ ನಂಜುನಿರೋಧಕ ದ್ರಾವಣ ಬೆರೆಸುವುದು, ಪೌಡರ್ ಉದುರಿಸುವುದು ಎರಡೂ ಬೇಡ. ದ್ರಾವಣ ಚರ್ಮವನ್ನು ಸುಡುತ್ತದೆ, ಪೌಡರ್ ಒದ್ದೆಯಲ್ಲಿ ಗಂಟುಕಟ್ಟಿ ಉಜ್ಜುತ್ತದೆ.
5. ಸಡಿಲವಾದ ಹತ್ತಿಯ ಒಳಉಡುಪು ಧರಿಸಬೇಕು. ದಿನಕ್ಕೆ ಎರಡು ಮೂರು ಬಾರಿ, 10-15 ನಿಮಿಷ, ಹಳೆಯ ಬಟ್ಟೆ ಹಾಸಿ ಪ್ಯಾಡಿಲ್ಲದೆ ಮಲಗಿ ಗಾಳಿಯಾಡಲು ಬಿಡುವುದು ಒಳ್ಳೆಯದು.
6. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಬೇಕು. ತಿಪ್ಪೆಗೆ ಹಾಕಿದರೆ ಅದರ ಪ್ಲಾಸ್ಟಿಕ್ಕು ಗೊಬ್ಬರದೊಡನೆ ಹೊಲ ಸೇರುತ್ತದೆ. ಬಚ್ಚಲ ಒಲೆಗೆ ಹಾಕಿದರೆ ವಿಷದ ಹೊಗೆ ಬಾಣಂತಿ ಮತ್ತು ಕೂಸಿಗೇ ತಗಲುತ್ತದೆ.

ಬಾಣಂತನದ ಕೆಲವು ರೂಢಿಗಳು

ಹಿರಿಯರ ಆರೈಕೆಯಲ್ಲಿ ಒಳ್ಳೆಯದು ಬಹಳ ಇದೆ. ವಿಶ್ರಾಂತಿ, ಬಿಸಿ ಊಟ, ಸ್ನಾನ ಇವೆಲ್ಲ ಬೇಕಾದವೇ. ಆದರೆ ನೀರು ಕುಡಿಯಲು ಕೊಡದಿರುವುದು ಸರಿಯಲ್ಲ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಸುಲಿದ ಚರ್ಮಕ್ಕೆ ತಾಗಿ ಉರಿಯುತ್ತದೆ, ಮಲಬದ್ಧತೆಯಿಂದ ಹೊಲಿಗೆಗೆ ಬಿಗಿ ಬೀಳುತ್ತದೆ. ಕಿಟಕಿ ಮುಚ್ಚಿ ಅಗ್ಗಿಷ್ಟಿಕೆ ಇಟ್ಟರೆ ಬೆವರು ಹೆಚ್ಚಿ ತೊಡೆಸಂದು ಒಣಗುವುದೇ ಇಲ್ಲ. ಎಣ್ಣೆಸ್ನಾನದ ಹರಳೆಣ್ಣೆ ಬಟ್ಟೆಗೆ ಹತ್ತಿದರೆ ಅದು ಸ್ರಾವವನ್ನು ಹೀರುವುದಿಲ್ಲ. ಸ್ನಾನದ ನಂತರ ಆ ಭಾಗವನ್ನು ಚೆನ್ನಾಗಿ ತೊಳೆದು ಒರೆಸಬೇಕು. ಹೊಲಿಗೆಯ ಮೇಲೆ ಅರಿಶಿನ, ಬೂದಿ, ಬೇವಿನ ಅರೆತ ಯಾವುದನ್ನೂ ಹಚ್ಚಕೂಡದು.

ಉರಿ ಕಾಣಿಸಿಕೊಂಡರೆ

ಮೊದಲು ಬಳಸುತ್ತಿರುವ ಪ್ಯಾಡನ್ನು ನಿಲ್ಲಿಸಿ ಮೆತ್ತನೆಯ ಹತ್ತಿ ಬಟ್ಟೆಗೆ ಅಥವಾ ಬೇರೆ ಬಗೆಯ ಪ್ಯಾಡಿಗೆ ಬದಲಾಯಿಸಿ ನೋಡಬೇಕು. ತೊಳೆದು ಒಣಗಿಸಿದ ತೊಡೆಯ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿಯನ್ನು ಅಥವಾ ಸತುವಿನ ಆಕ್ಸೈಡ್ ಇರುವ ಮುಲಾಮನ್ನು ತೆಳುವಾಗಿ ಸವರಬಹುದು. ಹೊಲಿಗೆಯ ಮೇಲೆ ಹಚ್ಚಬಾರದು. ಎರಡು ದಿನದಲ್ಲಿ ಇಳಿಯದಿದ್ದರೆ, ನೀರೊಸರಿದರೆ, ಮೊಸರಿನಂಥ ಬಿಳುಪು ಮತ್ತು ತೀವ್ರ ತುರಿಕೆ ಇದ್ದರೆ ಆಸ್ಪತ್ರೆಗೆ ತೋರಿಸಬೇಕು. ಸಕ್ಕರೆ ಕಾಯಿಲೆ ಇರುವವರು ಅಷ್ಟು ಕಾಯುವುದೂ ಬೇಡ. ವೈದ್ಯರ ಚೀಟಿ ಇಲ್ಲದೆ ಔಷಧಿ ಅಂಗಡಿಯ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಮೊದಲು ಹಿತವೆನಿಸಿ ಆಮೇಲೆ ಶಿಲೀಂಧ್ರ ಹಬ್ಬುತ್ತದೆ.

ಕೆಳಗಿನ ಲಕ್ಷಣಗಳು ಚರ್ಮದ ಉರಿಯವಲ್ಲ, ಪ್ರಾಣಕ್ಕೆ ಸಂಬಂಧಿಸಿದವು. ಒಂದೇ ಗಂಟೆಯಲ್ಲಿ ಒಂದು ದೊಡ್ಡ ಪ್ಯಾಡು ಪೂರ್ಣ ನೆನೆಯುವುದು, ನಿಂಬೆಹಣ್ಣಿಗಿಂತ ದೊಡ್ಡ ಹೆಪ್ಪುಗಳು ಬೀಳುವುದು, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಸ್ರಾವದ ದುರ್ವಾಸನೆ, ಹೊಲಿಗೆಯಲ್ಲಿ ಕೀವು, ಕಿಬ್ಬೊಟ್ಟೆಯ ತೀವ್ರ ನೋವು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಖರ್ಚು ಮತ್ತು ಮನೆಯವರ ಹೊಣೆ

ಮೊದಲ 10 ದಿನ ದಿನಕ್ಕೆ 6, ಮುಂದಿನ 30 ದಿನ ದಿನಕ್ಕೆ 4 ಎಂದು ಲೆಕ್ಕ ಹಾಕಿದರೆ ಒಟ್ಟು 180 ಪ್ಯಾಡ್‌ಗಳಾಗುತ್ತವೆ. ಜನೌಷಧಿ ಕೇಂದ್ರಗಳ ಸುವಿಧಾ ಪ್ಯಾಡಿನ ಬೆಲೆಯನ್ನು 2019ರ ಆಗಸ್ಟ್‌ನಲ್ಲಿ ಒಂದಕ್ಕೆ 1 ರೂಪಾಯಿಗೆ ಇಳಿಸಲಾಯಿತು. ಪ್ಯಾಡಿನ ಮೇಲಿನ ಜಿ.ಎಸ್.ಟಿ. 2018ರ ಜುಲೈನಲ್ಲಿಯೇ ರದ್ದಾಗಿದೆ. ಹೆಚ್ಚು ಸ್ರಾವವಿರುವ ಮೊದಲ ದಿನಗಳಿಗೆ ದೊಡ್ಡ ಪ್ಯಾಡು, ಆಮೇಲೆ ಬಟ್ಟೆ ಎಂದು ಹೊಂದಿಸಿಕೊಂಡರೆ ಖರ್ಚು ಇನ್ನೂ ಇಳಿಯುತ್ತದೆ. ಒಂದು ಸಿಂಪರಣೆಯ ಔಷಧಿಗೆ ತೆರುವ ಹಣದ ಮುಂದೆ ಇದು ದೊಡ್ಡದಲ್ಲ.

ಮಿತವಾಗಿ ಬಳಸಬೇಕೆಂದು ಒಂದೇ ಪ್ಯಾಡನ್ನು ಬೆಳಗಿನಿಂದ ಸಂಜೆಯವರೆಗೆ ಇಟ್ಟುಕೊಳ್ಳುವ ಬಾಣಂತಿ, ಕೇಳಲು ಸಂಕೋಚಪಟ್ಟೇ ಹಾಗೆ ಮಾಡುತ್ತಿರುತ್ತಾಳೆ. ಆಕೆ ಕೇಳುವವರೆಗೆ ಕಾಯದೆ ಪೇಟೆಗೆ ಹೋದ ಗಂಡನೋ ಅಣ್ಣನೋ ತಂದಿಡಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಭೇಟಿ ನೀಡುತ್ತಾರೆ. ಆ ವೇಳೆ ಗಂಡಸರು ಹೊರಗೆ ಹೋಗಿ, ತಾಯಿಯೊಡನೆ ಅವರು ಬಿಡಿಸಿ ಮಾತನಾಡಲು ಅವಕಾಶ ಕೊಡಬೇಕು. ವಿಸ್ತರಣಾ ಕಾರ್ಯಕರ್ತರು ಸ್ತ್ರೀಶಕ್ತಿ ಗುಂಪುಗಳ ಸಭೆಯಲ್ಲಿ ಹನಿ ಪರೀಕ್ಷೆ ಮತ್ತು ಎಳೆ ಸುಡುವ ಪರೀಕ್ಷೆಯನ್ನು ಮಾಡಿ ತೋರಿಸಿದರೆ ವಿಷಯ ಬೇಗ ಮನದಟ್ಟಾಗುತ್ತದೆ. ಹೆಚ್ಚಿನ ಸಲಹೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಬಹುದು.